ಕವಾಟ ಇಲ್ಲಿಯದು, ನಕ್ಷೆ ಯಾರದು?

ಕೊಳವೆಯಲ್ಲಿ ಹರಿಯುವ ನೀರು, ಹಬೆ, ಎಣ್ಣೆ ಅಥವಾ ಅನಿಲವನ್ನು ಬೇಕಾದಷ್ಟು ಬಿಡುವ, ಬೇಡವಾದಾಗ ತಡೆಯುವ, ಒತ್ತಡ ಮಿತಿ ಮೀರಿದಾಗ ಹೊರಹಾಕುವ ಸಾಧನವೇ ಕವಾಟ. ವ್ಯವಹಾರದ ಮಾತಿನಲ್ಲಿ ವಾಲ್ವ್. ಸಕ್ಕರೆ ಕಾರ್ಖಾನೆಯಿಂದ ಹಾಲಿನ ಡೇರಿಯವರೆಗೆ, ವಿದ್ಯುತ್ ಸ್ಥಾವರದಿಂದ ಅಡುಗೆಮನೆಯ ಕುಕ್ಕರಿನವರೆಗೆ ಕವಾಟವಿಲ್ಲದೆ ಕೆಲಸ ಸಾಗದು. ಹುಬ್ಬಳ್ಳಿಯ ಕೈಗಾರಿಕಾ ವಸಾಹತುಗಳಲ್ಲಿ ಕವಾಟ ತಯಾರಿಕೆಯು ದಶಕಗಳಿಂದ ನೆಲೆಯೂರಿದೆ. ಎರಕ, ಯಂತ್ರಗೆಲಸ, ಒತ್ತಡ ಪರೀಕ್ಷೆ ಇವುಗಳಲ್ಲಿ ಅಲ್ಲಿನ ಕುಶಲಕರ್ಮಿಗಳ ಕೈ ಪಳಗಿದೆ. ಆದರೆ ನಾಡಿನ ಸಣ್ಣ ತಯಾರಕರಲ್ಲಿ ಅನೇಕರು ಇಂದಿಗೂ ಅನ್ಯರ ನಕ್ಷೆಯಂತೆ ಬಿಡಿಭಾಗ ಮಾಡಿಕೊಟ್ಟು ಕೂಲಿ ಪಡೆಯುವ ಸ್ಥಿತಿಯಲ್ಲಿಯೇ ಇದ್ದಾರೆ. ಲಾಭದ ಹೆಚ್ಚಿನ ಪಾಲು ನಕ್ಷೆಯ ಒಡೆಯನಿಗೆ ಸಲ್ಲುತ್ತದೆ. ಈ ಸ್ಥಿತಿ ಬದಲಾಗಬೇಕಾದರೆ ಮೊದಲು ಬದಲಾಗಬೇಕಾದದ್ದು ಯಂತ್ರವಲ್ಲ, ಲೆಕ್ಕದ ಪುಸ್ತಕ.

ಕವಾಟದ ಚರಿತ್ರೆಯನ್ನು ಅವಲೋಕಿಸಿದರೆ ಒಂದು ಸತ್ಯ ಗೋಚರಿಸುತ್ತದೆ. ಅದರ ಮುಖ್ಯ ಆವಿಷ್ಕಾರಗಳಲ್ಲಿ ಹಲವು ದೊಡ್ಡ ಬಂಡವಾಳದಿಂದ ಹುಟ್ಟಿದವುಗಳಲ್ಲ. ಕೆಲಸದ ನಡುವೆ ಎದುರಾದ ತೊಡಕಿನಿಂದ ಹುಟ್ಟಿದವು. 1679ರಲ್ಲಿ ಫ್ರಾನ್ಸ್ ಮೂಲದ ದೆನಿ ಪಾಪಿನ್ ಹಬೆಯ ಒತ್ತಡದಲ್ಲಿ ಮೂಳೆಯನ್ನು ಬೇಯಿಸುವ ಪಾತ್ರೆಯನ್ನು ಲಂಡನ್ನಿನಲ್ಲಿ ಪ್ರದರ್ಶಿಸಿದನು. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರಿದರೆ ಪಾತ್ರೆಯೇ ಸಿಡಿಯುವ ಅಪಾಯವಿತ್ತು. ಅದಕ್ಕೆ ಆತ ಕಂಡುಕೊಂಡ ಉಪಾಯವೇ ತೂಕವನ್ನು ಹೊತ್ತ ಸುರಕ್ಷಾ ಕವಾಟ. ಇಂದು ಮನೆಮನೆಯ ಕುಕ್ಕರ್ ಸೀಟಿ ಹಾಕುವುದು ಅದೇ ತತ್ತ್ವದ ಮೇಲೆ.

ಅಮೆರಿಕದ ಅಯೋವಾ ಸಂಸ್ಥಾನದ ಮಾರ್ಷಲ್‌ಟೌನ್ ಎಂಬ ಊರಿನ ನೀರು ಸರಬರಾಜಿನ ಹೊಣೆ ಹೊತ್ತಿದ್ದ ವಿಲಿಯಂ ಫಿಶರ್‌ನ ಕಥೆಯೂ ಇಂಥದ್ದೇ. ಊರಿಗೆ ಬೆಂಕಿ ಬಿದ್ದಾಗ ನೀರಿನ ಒತ್ತಡ ಕುಸಿಯದಂತೆ ಆತ ರಾತ್ರಿಯಿಡೀ ಪಂಪಿನ ಹಬೆಯನ್ನು ಕೈಯಿಂದಲೇ ಏರಿಸಿ ಇಳಿಸಬೇಕಾಯಿತೆಂದು ಆತನ ಸಂಸ್ಥೆಯ ಇತಿಹಾಸ ಹೇಳುತ್ತದೆ. ಕೈ ಮಾಡಿದ ಕೆಲಸವನ್ನು ಯಂತ್ರವೇ ಮಾಡಬೇಕೆಂಬ ಹಟದಿಂದ 1880ರಲ್ಲಿ ಒತ್ತಡವನ್ನು ತಾನಾಗಿಯೇ ಸಮನಾಗಿ ಇರಿಸುವ ಪಂಪ್ ನಿಯಂತ್ರಕ ಸಿದ್ಧವಾಯಿತು. ನೀರಿನ ಒತ್ತಡ ಇಳಿದರೆ ಹಬೆ ಹೆಚ್ಚುತ್ತದೆ, ಏರಿದರೆ ಹಬೆ ಕಡಿಮೆಯಾಗುತ್ತದೆ, ತತ್ತ್ವ ಇಷ್ಟೇ. ಆ ಕಾರ್ಖಾನೆ ಮುಂದೆ ನಿಯಂತ್ರಣ ಕವಾಟಗಳಿಗೆ ಜಗತ್ಪ್ರಸಿದ್ಧವಾಗಿ, 1992ರಲ್ಲಿ ಎಮರ್ಸನ್ ಸಮೂಹವನ್ನು ಸೇರಿತು.

ಉಷ್ಣತೆಯ ನಿಯಂತ್ರಣಕ್ಕೆ ಡೆನ್ಮಾರ್ಕಿನ ಮ್ಯಾಡ್ಸ್ ಕ್ಲೌಸೆನ್ ಉದಾಹರಣೆ. ಆತ 1933ರಲ್ಲಿ ಆಲ್ಸ್ ದ್ವೀಪದ ನಾರ್ಡ್‌ಬೋರ್ಗ್ ಬಳಿ ತಂದೆತಾಯಿಯ ಹೊಲಮನೆಯಲ್ಲಿ ಶೀತಲೀಕರಣ ಯಂತ್ರಗಳಿಗೆ ಬೇಕಾದ ಸ್ವಯಂಚಾಲಿತ ವಿಸ್ತರಣ ಕವಾಟವನ್ನು ತಯಾರಿಸತೊಡಗಿದನು. ಅದೇ ಇಂದಿನ ಡ್ಯಾನ್‌ಫಾಸ್ ಸಂಸ್ಥೆ. 1943ರಲ್ಲಿ ಆತ ಕೋಣೆ ಬೆಚ್ಚಗಾದೊಡನೆ ಬಿಸಿನೀರಿನ ಹರಿವನ್ನು ತಾನೇ ತಗ್ಗಿಸುವ ಕವಾಟವನ್ನು ಕಂಡುಹಿಡಿದನು. ಅದು ಮಾರುಕಟ್ಟೆಗೆ ಬಂದದ್ದು 1952ರಲ್ಲಿ. ಹೊಲಮನೆಯಲ್ಲಿ ಹುಟ್ಟಿದ ಸಂಸ್ಥೆಯು 2021ರಲ್ಲಿ ಈಟನ್ ಕಂಪನಿಯ ಹೈಡ್ರಾಲಿಕ್ಸ್ ವಿಭಾಗವನ್ನೇ 330 ಕೋಟಿ ಡಾಲರಿಗೆ ಕೊಂಡಿತು.

ಈ ನಡುವಿನ ಒಂಬತ್ತು ವರ್ಷಗಳನ್ನು ಉದ್ಯಮಿಗಳು ಗಮನಿಸಬೇಕು. ಆವಿಷ್ಕಾರಕ್ಕೂ ಆದಾಯಕ್ಕೂ ಅಂತರವಿರುತ್ತದೆ. ಆ ಅಂತರವನ್ನು ದಾಟುವ ತನಕ ಏನು ಖರ್ಚಾಯಿತು, ಯಾರು ಏನು ಮಾಡಿದರು ಎಂಬ ದಾಖಲೆ ಉಳಿಯದಿದ್ದರೆ ಫಲ ಬಂದಾಗ ಹಕ್ಕು ಸಾಧಿಸುವುದು ಕಷ್ಟವಾಗುತ್ತದೆ. ಸಣ್ಣ ಘಟಕಗಳಲ್ಲಿ ಆಗುತ್ತಿರುವುದು ಇದೇ. ಸೋರುವ ಕವಾಟದ ಆಸನಕ್ಕೆ ಹೊಸ ಲೋಹವನ್ನು ಕೂಡಿಸಿ ನೋಡುತ್ತಾರೆ, ಸ್ಪ್ರಿಂಗನ್ನು ಬದಲಿಸುತ್ತಾರೆ, ದರದ ಒತ್ತಡದ ಒಂದೂವರೆ ಪಟ್ಟು ಒತ್ತಡದಲ್ಲಿ ಒಡಲನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಅಂತಿಮವಾಗಿ ಸೋರಿಕೆ ನಿಲ್ಲುತ್ತದೆ. ಆದರೆ ಆ ಪ್ರಯೋಗದ ವೆಚ್ಚವು ಲೆಕ್ಕದಲ್ಲಿ 'ದುರಸ್ತಿ', 'ಬಿಡಿಭಾಗ', 'ಇತರೆ ಖರ್ಚು' ಎಂಬ ಶೀರ್ಷಿಕೆಗಳಡಿ ಕರಗಿಹೋಗುತ್ತದೆ. ವರ್ಷಾಂತ್ಯದಲ್ಲಿ ಆ ಘಟಕ ಏನನ್ನೂ ಕಂಡುಹಿಡಿದಿಲ್ಲವೆಂದೇ ಪುಸ್ತಕ ಸಾಕ್ಷಿ ನುಡಿಯುತ್ತದೆ.

ಅಮೂರ್ತ ಆಸ್ತಿಗಳನ್ನು ಕುರಿತ 26ನೆಯ ಲೆಕ್ಕಪತ್ರ ಮಾನದಂಡವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಂಶೋಧನೆಯ ಹಂತದ ವೆಚ್ಚವನ್ನು ಆಯಾ ವರ್ಷದ ಖರ್ಚಿಗೇ ಹಾಕಬೇಕು. ಅಭಿವೃದ್ಧಿಯ ಹಂತದ ವೆಚ್ಚವನ್ನಾದರೋ, ಅದು ತಾಂತ್ರಿಕವಾಗಿ ಸಾಧ್ಯವೆಂದೂ ಮುಂದೆ ಆದಾಯ ತರುವುದೆಂದೂ ತೋರಿಸಿ, ವೆಚ್ಚವನ್ನು ನಂಬಲರ್ಹವಾಗಿ ಅಳೆಯಬಲ್ಲವರು ಇತರ ಷರತ್ತುಗಳನ್ನೂ ಪೂರೈಸಿದಲ್ಲಿ ಆಸ್ತಿಯಾಗಿ ತೋರಿಸಬಹುದು. ಪ್ರತ್ಯೇಕ ಖಾತೆಯಿಲ್ಲದವನಿಗೆ ಈ ಮಾತೇ ಅನ್ವಯಿಸುವುದಿಲ್ಲ.

ಸರ್ಕಾರದ ಉತ್ತೇಜನವು ಕೈಗೆಟುಕಲಿಲ್ಲವೆಂಬ ದೂರಿನಲ್ಲಿ ಹುರುಳಿದೆ. ಮಾನ್ಯತೆ ಪಡೆದ ಸಂಶೋಧನಾ ಘಟಕದ ವೆಚ್ಚಕ್ಕೆ ಆದಾಯ ತೆರಿಗೆಯಲ್ಲಿ ಮೊದಲು ಶೇ. 200ರಷ್ಟು, 2017ರ ಏಪ್ರಿಲ್‌ನಿಂದ ಶೇ. 150ರಷ್ಟು ಕಡಿತ ದೊರೆಯುತ್ತಿತ್ತು. 2020ರ ಏಪ್ರಿಲ್‌ನಿಂದ ಆ ಹೆಚ್ಚುವರಿ ಲಾಭ ನಿಂತಿತು. ಇದ್ದ ಕಾಲದಲ್ಲಿಯೂ ಅದು ಕಂಪನಿಗಳಿಗೆ ಮಾತ್ರ ಮೀಸಲಾಗಿದ್ದು, ಪಾಲುದಾರಿಕೆಯಲ್ಲಿ ನಡೆಯುವ ಘಟಕಗಳಿಗೆ ಸಿಕ್ಕಲಿಲ್ಲ. ಆದರೆ ಪೇಟೆಂಟಿನ ಬಾಗಿಲು ಸಣ್ಣವರಿಗೆ ತೆರೆದಿರುವುದನ್ನು ಅಲ್ಲಗಳೆಯುವಂತಿಲ್ಲ. ದೊಡ್ಡ ಕಂಪನಿಗೆ ಅರ್ಜಿ ಶುಲ್ಕ 8,000 ರೂಪಾಯಿ ಇರುವಲ್ಲಿ, ಆನ್‌ಲೈನ್ ಮೂಲಕ ಸಲ್ಲಿಸುವ ಸಣ್ಣ ಘಟಕಕ್ಕೆ 1,600 ರೂಪಾಯಿ. ಪರೀಕ್ಷಾ ಕೋರಿಕೆಗೆ 20,000ಕ್ಕೆ ಬದಲಾಗಿ 4,000 ರೂಪಾಯಿ. 2020ರ ನವೆಂಬರ್‌ನ ತಿದ್ದುಪಡಿಯಿಂದ ಸಣ್ಣ ಘಟಕಗಳಿಗೆ ಈ ಕಡಿಮೆ ದರ ಲಭಿಸಿತು. ತಾತ್ಕಾಲಿಕ ವಿವರಣೆಯನ್ನು ಮೊದಲು ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಪರೀಕ್ಷಾ ಕೋರಿಕೆಯ ಗಡುವನ್ನು 2024ರ ನಿಯಮಗಳು 48 ತಿಂಗಳಿನಿಂದ 31 ತಿಂಗಳಿಗೆ ಇಳಿಸಿರುವುದನ್ನು ಮರೆಯಬಾರದು.

ಪೇಟೆಂಟ್ ಪಡೆದರೂ ನಕಲು ಮಾಡುವವರ ಮೇಲೆ ದಾವೆ ಹೂಡಲು ಹಣವೆಲ್ಲಿ, ಸಮಯವೆಲ್ಲಿ ಎಂದು ಕೇಳುವವರುಂಟು. ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಪ್ರತಿಯೊಂದು ಸುಧಾರಣೆಗೂ ಪೇಟೆಂಟ್ ಬೇಕೆಂದಿಲ್ಲ, ಸಿಗುವುದೂ ಇಲ್ಲ. ತಿಳಿದಿರುವ ಸಾಧನಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡುವಾಗ ಅವನ್ನು ಬರಿದೆ ಒಟ್ಟಿಗೆ ಜೋಡಿಸಿದರೆ ಅದು ಆವಿಷ್ಕಾರವಲ್ಲವೆಂದು 1970ರ ಪೇಟೆಂಟ್ ಕಾಯ್ದೆಯೇ ಹೇಳುತ್ತದೆ. 1788ರಲ್ಲಿ ಹಬೆ ಯಂತ್ರದ ವೇಗ ನಿಯಂತ್ರಣಕ್ಕೆ ತಿರುಗುವ ಗುಂಡುಗಳ ಸಾಧನವನ್ನು ಅಳವಡಿಸಿದ ಜೇಮ್ಸ್ ವಾಟ್ ಕೂಡ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಹಿಟ್ಟಿನ ಗಿರಣಿಗಳಲ್ಲಿ ಅಂಥದು ಮೊದಲೇ ಬಳಕೆಯಲ್ಲಿತ್ತು. ಯಾವುದನ್ನು ನೋಂದಾಯಿಸಬೇಕು, ಯಾವುದನ್ನು ಗುಟ್ಟಾಗಿ ಇಡಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಧಾರವೇ ವ್ಯಾಪಾರದ ಜಾಣ್ಮೆ. ದಾಖಲೆಯಿಲ್ಲದವನಿಗೆ ಈ ಮೂರರಲ್ಲಿ ಯಾವ ಆಯ್ಕೆಯೂ ಉಳಿಯುವುದಿಲ್ಲ.

ಆದುದರಿಂದ ಸಣ್ಣ ತಯಾರಕರು ಕೂಡಲೇ ಕೈಗೊಳ್ಳಬಹುದಾದ ಕ್ರಮಗಳು ನಾಲ್ಕು. ಮೊದಲನೆಯದು, ಪ್ರಯೋಗದ ವೆಚ್ಚಕ್ಕೆ ಪ್ರತ್ಯೇಕ ಖಾತೆ ತೆರೆದು, ಪ್ರತಿ ಪ್ರಯೋಗಕ್ಕೂ ದಿನಾಂಕ ಮತ್ತು ಸಹಿ ಇರುವ ಕೆಲಸದ ಚೀಟಿಯನ್ನು ಇಡುವುದು. ಎರಡನೆಯದು, ಅರ್ಜಿ ಸಲ್ಲಿಸುವ ಮೊದಲು ಹೊಸ ಕವಾಟವನ್ನು ಗ್ರಾಹಕನಿಗಾಗಲಿ ಮೇಳದಲ್ಲಾಗಲಿ ತೋರಿಸದಿರುವುದು; ಅಧಿಸೂಚಿತ ಪ್ರದರ್ಶನಗಳಿಗೆ ಮಾತ್ರ ಕಾನೂನಿನಲ್ಲಿ ವಿನಾಯಿತಿಯಿದೆ. ಮೂರನೆಯದು, ಆವಿಷ್ಕರಿಸಿದ ನೌಕರನಿಂದ ಹಕ್ಕಿನ ವರ್ಗಾವಣೆಯನ್ನು ಲಿಖಿತವಾಗಿ ಪಡೆದು, ಆತನಿಗೆ ಸಲ್ಲಬೇಕಾದ ಗೌರವವನ್ನೂ ಪಾಲನ್ನೂ ಸಲ್ಲಿಸುವುದು. ಸಂಬಳ ಕೊಟ್ಟ ಮಾತ್ರಕ್ಕೆ ಹಕ್ಕು ತನ್ನದೆಂದು ಮಾಲೀಕನು ಭಾವಿಸುವುದು ಸರಿಯಲ್ಲ. ನಾಲ್ಕನೆಯದು, ಖರೀದಿ ಆದೇಶದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದು. 'ತಯಾರಕನು ಮಾಡುವ ಎಲ್ಲ ಸುಧಾರಣೆಗಳೂ ಖರೀದಿದಾರನಿಗೆ ಸೇರತಕ್ಕದ್ದು' ಎಂಬ ಷರತ್ತು ಅಲ್ಲಿದ್ದರೆ, ಸಹಿ ಹಾಕಿದ ದಿನವೇ ಮುಂದಿನ ಆವಿಷ್ಕಾರಗಳೆಲ್ಲ ಮಾರಾಟವಾದಂತೆ.

ವಾಣಿಜ್ಯ ಸಂಸ್ಥೆಗಳೂ ಈ ದಿಸೆಯಲ್ಲಿ ಹೊಣೆ ಹೊರಬೇಕು. ಪೇಟೆಂಟ್ ಅರ್ಜಿಗೆ ನೆರವಾಗುವ ಒಂದು ಸಲಹಾ ಕೇಂದ್ರ, ಹಲವು ಘಟಕಗಳು ಸೇರಿ ಬಳಸುವ ಒಂದು ಪರೀಕ್ಷಾ ಸೌಲಭ್ಯ, ಇವೆರಡನ್ನು ಒದಗಿಸಿದರೂ ಸಣ್ಣವರಿಗೆ ದೊಡ್ಡ ಬಲ ಬರುತ್ತದೆ.

ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಹಿರಿಯರ ಮಾತು. ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ ಎಂಬಂತಾಗಬಾರದಾದರೆ, ಕಾರ್ಖಾನೆಯ ಬುದ್ಧಿಯು ಕಾರ್ಖಾನೆಯ ಖಾತೆಯಲ್ಲಿಯೇ ಜಮೆಯಾಗಬೇಕು.