ಯಾವ ಕಾಲೇಜು?

ಮಗನನ್ನು ಮುಂಬಯಿ ಯೂನಿವರ್ಸಿಟಿಗೆ ಸೇರಿಸುತ್ತೇನೆಂದು ನಮ್ಮವರು ಹೆಮ್ಮೆಪಡುತ್ತಾರೆ. 1857ರ ಯೂನಿವರ್ಸಿಟಿ, ಹೆಮ್ಮೆ ಸರಿಯೇ. ಆದರೆ ಬಿ.ಎ., ಬಿ.ಕಾಂ. ಹುಡುಗರು ಓದುವುದು ಹೆಚ್ಚಾಗಿ ಅದಕ್ಕೆ ಸೇರಿದ ಬೇರೆ ಬೇರೆ ಕಾಲೇಜುಗಳಲ್ಲಿ. ಕಲೀನಾದ ವಿದ್ಯಾನಗರಿ ಮುಖ್ಯವಾಗಿ ಎಂ.ಎ., ಎಂ.ಎಸ್ಸಿ.ಯವರದು. ನಮ್ಮ ಕನ್ನಡ ವಿಭಾಗವೂ ಅಲ್ಲೇ. ಆದುದರಿಂದ ಕಾಲೇಜನ್ನೇ ನೋಡಿರಿ: ಪಾಠದ ಹೊತ್ತು ಯಾವುದು, ಲೈಬ್ರರಿ ಎಷ್ಟು ಗಂಟೆಯವರೆಗೆ, ನಾಟಕ, ಚರ್ಚಾಕೂಟ ಉಂಟೋ? ‘ಅದೆಲ್ಲ ಸೇಠರ ಮಕ್ಕಳಿಗೆ’ ಎನ್ನುವವರಿದ್ದಾರೆ. ನಾನೊಪ್ಪೆ. ನಾಲ್ಕು ಜನರೆದುರು ಮಾತನಾಡಲು ನಾನು ಕಲಿತದ್ದು ಮೂವತ್ತು ದಾಟಿದ ಮೇಲೆ, ಸಂಘದ ಸಭೆಯಲ್ಲಿ. ನಮ್ಮ ಹುಡುಗರು ಹದಿನೆಂಟಕ್ಕೇ ಕಲಿಯಲಿ.

ಇನ್ನು ಹೋಟೆಲಿನಲ್ಲಿ ದುಡಿಯುತ್ತ ಓದುವವರ ಮಾತು. ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸದಿರಬಹುದು. ಬೆಳಗಿನ ಕಾಲೇಜು ಸಿಕ್ಕಿದವನಿಗೆ ಮಧ್ಯಾಹ್ನದ ಪಾಳಿ ಬೇಕೇ ಬೇಕು. ಮಾಲೀಕರಲ್ಲಿ ಒಬ್ಬೊಬ್ಬರೇ ಅಂಗಲಾಚಬೇಡಿರಿ. ಜೂನಿಗೆ ಮೊದಲೇ ಸಂಘದಲ್ಲಿ ಹೆಸರು ಬರೆಸಿರಿ, ಕೂಡಿಯೇ ಕೇಳೋಣ.