ಕಣಾದನೂ ಕಣವಿಜ್ಞಾನವೂ

ವಿದ್ಯಾವಂತರ ಮನೆಗಳಲ್ಲಿ ಈಚೀಚೆಗೆ ಒಂದು ಮಾತು ಬಹುವಾಗಿ ಕೇಳಿಬರುತ್ತಿದೆ. ಮನೆಯ ಹುಡುಗನೋ ಹುಡುಗಿಯೋ ವಿಶ್ವವಿದ್ಯಾಲಯದಲ್ಲಿ ಕಣಭೌತಶಾಸ್ತ್ರವನ್ನು ಓದುವೆನೆಂದರೆ ಹಿರಿಯರು ನಸುನಕ್ಕು, “ಅದರಲ್ಲೇನಿದೆ? ನಮ್ಮ ಕಣಾದಮಹರ್ಷಿಗಳು ಎಂದೋ ಹೇಳಿಟ್ಟುದನ್ನೇ ಪಾಶ್ಚಾತ್ಯರು ಈಗ ಯಂತ್ರವಿಟ್ಟು ಹುಡುಕುತ್ತಿದ್ದಾರೆ” ಎನ್ನುತ್ತಾರೆ. ಸಭೆಗಳಲ್ಲಿ ಈ ಮಾತಿಗೆ ಕರತಾಡನವೂ ದೊರೆಯುತ್ತದೆ. ಪಾಠಶಾಲೆಯಲ್ಲಿ ತರ್ಕವನ್ನೋದಿ, ಬಾಳೆಲ್ಲ ಮಕ್ಕಳಿಗೆ ಪಾಠ ಹೇಳಿದ ನನಗೆ ಇದು ಎರಡು ಶಾಸ್ತ್ರಗಳಿಗೂ ಮಾಡಿದ ಅಪಚಾರವೆಂದು ತೋರುತ್ತದೆ.

ಮೊದಲು ವೈಶೇಷಿಕರು ಹೇಳಿದುದೇನೆಂಬುದನ್ನು ನೋಡೋಣ. ಪೃಥಿವಿ, ಜಲ, ತೇಜಸ್ಸು, ವಾಯು ಎಂಬ ನಾಲ್ಕಕ್ಕೆ ಪರಮಾಣುಗಳುಂಟು. ಅವು ನಿರವಯವಗಳು, ನಿತ್ಯಗಳು. ಎರಡು ಪರಮಾಣುಗಳು ಕೂಡಿದರೆ ದ್ವ್ಯಣುಕ. ಮೂರು ದ್ವ್ಯಣುಕಗಳು ಕೂಡಿದರೆ ತ್ರ್ಯಣುಕ. ಗವಾಕ್ಷದ ಬಿಸಿಲಿನಲ್ಲಿ ತೇಲುವ ಧೂಳಿನ ಕಣವೇ ಆ ತ್ರ್ಯಣುಕ. ವಿಭಾಗಕ್ಕೆ ಕೊನೆಯೇ ಇಲ್ಲವಾದರೆ ಮೇರುಪರ್ವತಕ್ಕೂ ಸಾಸಿವೆಕಾಳಿಗೂ ಪರಿಮಾಣದಲ್ಲಿ ಭೇದವಿಲ್ಲದೆ ಹೋಗುವುದೆಂಬುದು ಅವರ ಯುಕ್ತಿ. ಯುಕ್ತಿಯು ಘನವಾದುದೇ, ಆದರೆ ಅದು ಬೇರೆಯ ಪ್ರಶ್ನೆಗೆ ಕೊಟ್ಟ ಉತ್ತರ.

ಇಂದಿನ ಶಾಸ್ತ್ರದ ಕಣಗಳ ನಡೆಯೇ ಬೇರೆ. 1897ರಲ್ಲಿ ಥಾಮ್ಸನ್ನನು ಎಲೆಕ್ಟ್ರಾನನ್ನು ಕಂಡನು. 1911ರಲ್ಲಿ ರುದರ್‌ಫೋರ್ಡನು ಪರಮಾಣುವಿನೊಳಗೆ ಬೀಜವುಂಟೆಂದು ತೋರಿಸಿದನು. 1932ರಲ್ಲಿ ಚ್ಯಾಡ್ವಿಕ್ಕನು ನ್ಯೂಟ್ರಾನನ್ನು ಕಂಡುಹಿಡಿದನು. ಈ ನ್ಯೂಟ್ರಾನು ಬೀಜದಿಂದ ಬೇರ್ಪಟ್ಟು ಒಂಟಿಯಾದರೆ ಸರಾಸರಿ 15 ನಿಮಿಷಗಳೊಳಗೆ ಅಳಿದು ಪ್ರೋಟಾನು, ಎಲೆಕ್ಟ್ರಾನು, ಪ್ರತಿನ್ಯೂಟ್ರಿನೋ ಎಂಬ ಮೂರಾಗುತ್ತದೆ. ಆ ಎಲೆಕ್ಟ್ರಾನು ಮೊದಲೇ ಒಳಗೆ ಅಡಗಿದ್ದುದಲ್ಲ, ಆಗಲೇ ಹುಟ್ಟಿದುದು. ಮ್ಯೂಆನಿನ ಆಯುಸ್ಸಂತೂ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಹುಟ್ಟಿ ಅಳಿಯುವ ಇವುಗಳನ್ನು ನಿತ್ಯವಾದ ಪರಮಾಣುವೆಂದು ಕರೆದರೆ ಕಣಾದನೇ ಒಪ್ಪನು.

“ಎಲೆಕ್ಟ್ರಾನು, ಕ್ವಾರ್ಕುಗಳನ್ನು ಇಂದಿನವರೂ ನಿರವಯವವೆಂದೇ ಎಣಿಸುವರಲ್ಲವೆ?” ಎಂದು ಪೂರ್ವಪಕ್ಷಿಗಳು ಕೇಳಬಹುದು. ಅಹುದು. ಆದರೆ ಇದುವರೆಗಿನ ಪ್ರಯೋಗಗಳಲ್ಲಿ ಅವಯವವು ಕಾಣಲಿಲ್ಲವೆಂಬಷ್ಟೇ ಆ ಮಾತಿನ ಅರ್ಥ. ನಾಳೆ ಕಂಡರೆ ಅವರು ಅದನ್ನು ಬಿಟ್ಟುಕೊಡುವರು. ಯುಕ್ತಿಯಿಂದ ಸಿದ್ಧವಾದ ನಿರವಯವತ್ವವೂ ಪರೀಕ್ಷೆಗೆ ಕಾದಿರುವ ನಿರವಯವತ್ವವೂ ಒಂದಲ್ಲ.

“ಇರಲಿ, ಸ್ವದೇಶಾಭಿಮಾನದ ಒಂದು ಮಾತಿನಿಂದ ಹಾನಿಯೇನು?” ಎಂದರೆ, ಹಾನಿಯುಂಟು; ಅದು ಮಕ್ಕಳಿಗೆ ತಟ್ಟುತ್ತದೆ. ಶಬ್ದಧಾತುಗಳನ್ನು ಬಾಯಿಪಾಠ ಮಾಡದವನ ಕೈಗೆ ಯಾವ ಗುರುವೂ ಭಾಷ್ಯವನ್ನು ಕೊಡುತ್ತಿರಲಿಲ್ಲ. ಕಣಶಾಸ್ತ್ರಕ್ಕೂ ಅಂಥದೇ ಕ್ರಮವುಂಟು. ಕಲನಗಣಿತವಾಗಬೇಕು, ಯಂತ್ರಶಾಸ್ತ್ರ, ವಿದ್ಯುತ್ಕಾಂತಶಾಸ್ತ್ರಗಳಾಗಬೇಕು, ಐನ್‌ಸ್ಟೈನನ 1905ರ ಸಾಪೇಕ್ಷತಾವಾದವೂ ಕ್ವಾಂಟಂ ಶಾಸ್ತ್ರವೂ ಮನಸ್ಸಿಗೆ ಹತ್ತಬೇಕು, ಆಮೇಲೆ ಕ್ವಾಂಟಂ ಕ್ಷೇತ್ರವಾದದ ಬಾಗಿಲು. ಲೆಕ್ಕವನ್ನು ಕೈಯಾರೆ ಮಾಡದೆ ಯಾರೂ ಆ ಬಾಗಿಲನ್ನು ದಾಟಿಲ್ಲ. ಡಿರಾಕನು 1928ರಲ್ಲಿ ಬರೆದ ಸಮೀಕರಣವು ಎಲೆಕ್ಟ್ರಾನಿಗೆ ಪ್ರತಿಯಾದ ಧನವಿದ್ಯುತ್ತಿನ ಕಣವೊಂದನ್ನು ಬೇಡಿತು. 1932ರಲ್ಲಿ ಆಂಡರ್ಸನ್ನನಿಗೆ ಆಕಾಶದಿಂದಿಳಿಯುವ ಕಿರಣಗಳಲ್ಲಿ ಅದು ದೊರಕಿತು. ಇದು ಗಣಿತದ ಫಲ. ತಾತ ತುಪ್ಪವನ್ನುಂಡನೆಂದು ಮೊಮ್ಮಗನ ಕೈಯನ್ನು ಮೂಸಿದರೆ ಪರಿಮಳ ಬಂದೀತೆ? “ಎಲ್ಲವೂ ನಮ್ಮಲ್ಲಿತ್ತು” ಎಂದು ಕೇಳಿ ಬೆಳೆದ ಮಗುವು, ಈ ಕ್ರಮದ ಮೊದಲನೆಯ ಕಷ್ಟ ಎದುರಾದೊಡನೆ ಪುಸ್ತಕವನ್ನು ಮುಚ್ಚುತ್ತದೆ.

ಅಭಿಮಾನವೇ ಬೇಕೆನ್ನುವವರು ಕೋಲಾರದ ಚಿನ್ನದ ಗಣಿಯನ್ನು ನೆನೆಯಲಿ. ಭೂಮಿಯ ಮೇಲೆ ಸುರಿಯುವ ಉಳಿದ ಕಣಗಳನ್ನು ಆಳದ ಬಂಡೆಯು ತಡೆಯುತ್ತದೆ. ನ್ಯೂಟ್ರಿನೋ ಒಂದೇ ನಿರಾತಂಕವಾಗಿ ಹಾಯ್ದುಬರುತ್ತದೆ. ಎರಡು ಕಿಲೋಮೀಟರಿಗೂ ಮಿಕ್ಕ ಆ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮೆನನ್, ಶ್ರೀಕಂಠನ್ ಮೊದಲಾದವರು, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಂಗಳ ವಿದ್ವಾಂಸರೊಡನೆ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು 1965ರಲ್ಲಿ ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಅವು ಕಂಡುಬಂದವು. ಅದಕ್ಕೆ ಮುನ್ನ ಲೋಕದಲ್ಲಿ ಅವನ್ನು ಕಂಡವರಿರಲಿಲ್ಲ. ಗಣಿಯು 2001ರಲ್ಲಿ ಮುಚ್ಚಿತು. ಕಣಾದನ ಹೆಸರಿಗೆ ಚಪ್ಪಾಳೆ ತಟ್ಟುವ ಎಷ್ಟು ಮನೆಗಳಲ್ಲಿ ಈ ಸಂಗತಿಯನ್ನು ಮಕ್ಕಳಿಗೆ ಹೇಳಿದ್ದಾರೆ?

ನಾನು ಪೂರ್ವಶಾಸ್ತ್ರವನ್ನು ತೊರೆಯೆಂದು ಹೇಳುತ್ತಿಲ್ಲ. ವೈಶೇಷಿಕವನ್ನು ವೈಶೇಷಿಕವೆಂದೇ, ಸಂಸ್ಕೃತದಲ್ಲಿಯೇ, ಗುರುಮುಖವಾಗಿ ಓದಲಿ. ಕಣಶಾಸ್ತ್ರವನ್ನು ಅದರ ಗಣಿತದೊಡನೆಯೇ ಓದಲಿ. ಒಂದನ್ನು ಓದಿದವರು ಇನ್ನೊಂದರ ಮೇಲೆ ಹಕ್ಕು ಸಾಧಿಸದಿರಲಿ. ಯಾವುದನ್ನೂ ಓದದವರು ಎರಡರ ಮೇಲೆಯೂ ಸಾಧಿಸದಿರಲಿ. ಮಗುವು ಕಣಶಾಸ್ತ್ರವನ್ನು ಓದುವೆನೆಂದು ಬಂದಾಗ ಹಿರಿಯರಾದವರು ಋಷಿಗಳ ಹೆಸರೆತ್ತುವ ಬದಲು, “ಇಂದಿನ ಲೆಕ್ಕವಾಯಿತೆ, ಮಗು?” ಎಂದು ಕೇಳಲಿ. ನಮ್ಮ ಪೂರ್ವಿಕರ ನಿಜವಾದ ಸಂಪ್ರದಾಯವು ಆ ಪ್ರಶ್ನೆಯಲ್ಲಿದೆ.