ಮತ್ಸ್ಯವಿದ್ಯೆಯೂ ಶರಣರ ಮನೆಯೂ

ಕಳೆದ ಮಾಘ ಮಾಸದಲ್ಲಿ ಶಿವಾನುಭವ ಗೋಷ್ಠಿಯ ನಿಮಿತ್ತ ಕೊಪ್ಪ ತಾಲ್ಲೂಕಿನ ಜಯಪುರಕ್ಕೆ ತೆರಳಿದ್ದೆವು. ಗೋಷ್ಠಿಯ ಬಳಿಕ ಪ್ರಸಾದಕ್ಕೆ ಕರೆದೊಯ್ದ ಸದ್ಭಕ್ತರ ಮನೆಯಲ್ಲಿ ಧರ್ಮಸಂಕಟವೊಂದು ನಮಗಾಗಿ ಕಾದಿತ್ತು. ದ್ವಿತೀಯ ಪಿ.ಯು.ಸಿ. ಓದುತ್ತಿದ್ದ ಮನೆಯ ಮಗಳು ಮಂಗಳೂರಿನ ಮೀನುಗಾರಿಕಾ ಕಾಲೇಜನ್ನೇ ಸೇರುವೆನೆಂದು ಹಟ ಹಿಡಿದಿದ್ದಳು. ಅಡಿಕೆಯ ಹಳದಿ ಎಲೆ ರೋಗದಿಂದ ಕಂಗೆಟ್ಟಿದ್ದ ತಂದೆಗೆ, ತೋಟವನ್ನೇ ನಂಬದೆ ಮಗಳು ಒಂದು ವೃತ್ತಿ ಹಿಡಿದರೆ ಸಾಕಾಗಿತ್ತು. ಅಜ್ಜಿ ಮಾತ್ರ ಒಪ್ಪಿರಲಿಲ್ಲ. “ಅಯ್ಯನವರೇ, ಲಿಂಗ ಹಿಡಿಯೋ ಕೈಯಲ್ಲಿ ಮೀನು ಹಿಡಿಯೋದೇ?” ಎಂದು ಕೇಳಿದರು. ಆ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವುದು ನಮಗೆ ಸರಿಯೆನಿಸಲಿಲ್ಲ.

ಈ ವಿದ್ಯೆಯೆಂದರೆ ಬಲೆ ಬೀಸುವುದೆಂದೇ ನಮ್ಮ ಮನೆಗಳಲ್ಲಿ ತಿಳಿದಿದ್ದಾರೆ. ಮಂಗಳೂರಿನ ಕಾಲೇಜು ಆರಂಭವಾದದ್ದು 1969ರಲ್ಲಿ; ದೇಶದಲ್ಲಿಯೇ ಇದು ಮೊದಲ ಮೀನುಗಾರಿಕಾ ಕಾಲೇಜು. ಅಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದುದು ಇಂದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿದೆ. ನಾಲ್ಕು ವರ್ಷಗಳ ಪದವಿ. ಕೊಳದ ಮಣ್ಣಿನ ಗುಣ, ಸುಣ್ಣ ಗೊಬ್ಬರಗಳ ಪ್ರಮಾಣ, ನೀರಿನಲ್ಲಿ ಕರಗಿದ ಆಮ್ಲಜನಕ, ಮೀನಿನ ಆಹಾರ, ರೋಗ, ಸಂತಾನೋತ್ಪತ್ತಿ, ಸಂಸ್ಕರಣೆ ಇವೆಲ್ಲ ಅದರ ಪಾಠಗಳು. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ; ಮೂರನ್ನೂ ಒಂದೇ ಕೆರೆಯಲ್ಲಿ ಬಿಟ್ಟರೆ ಒಂದರ ತುತ್ತಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆ.

ಇವು ಹರಿಯುವ ನದಿಯ ಮೀನುಗಳು. ನಿಂತ ನೀರಿನಲ್ಲಿ ಬೆಳೆಯುತ್ತವೆ, ಆದರೆ ಮರಿಯಿಡುವುದಿಲ್ಲ. ಹೀಗಾಗಿ ಮೊದಲು ಮರಿಗಳನ್ನು ನದಿಗಳಿಂದಲೇ ಸಂಗ್ರಹಿಸಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತವರ ಸಂಗಡಿಗರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಜಾತಿಯ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಆ ದಿನವನ್ನೇ ಮೀನುಕೃಷಿಕರ ದಿನವಾಗಿ ಆಚರಿಸುವರು. ಆ ಗ್ರಂಥಿಯನ್ನು ತೆಗೆಯುತ್ತಿದ್ದುದು ಸತ್ತ ಮೀನಿನ ತಲೆಯಿಂದ. ಈಗ ಕೃತಕವಾಗಿ ತಯಾರಿಸಿದ ಹಾರ್ಮೋನು ದೊರೆಯುವುದರಿಂದ ಅದಕ್ಕಾಗಿ ಜೀವ ತೆಗೆಯಬೇಕಾಗಿಲ್ಲ. ಇದನ್ನು ಕೇಳಿ ಅಜ್ಜಿಯ ಮುಖ ಕೊಂಚ ಸಡಿಲವಾಯಿತು.

ಮತ್ಸ್ಯಶಾಸ್ತ್ರವು ಪರದೇಶದ ಸರಕೆಂಬ ಭ್ರಮೆಯೂ ಬೇಡ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೀನುಗಳ ಜಾತಿ, ಅವು ವಾಸಿಸುವ ನೀರು, ಅವಕ್ಕೆ ಹಾಕುವ ಆಹಾರಗಳ ವಿವರವಿದೆ. ಬಸವಣ್ಣನವರು ಮುಂದೆ ಅನುಭವ ಮಂಟಪವನ್ನು ನಡೆಸಿದ ಕಲ್ಯಾಣವೇ ಆ ದೊರೆಯ ರಾಜಧಾನಿ. ಅರಸನ ಉದ್ದೇಶ ಗಾಳ ಹಾಕುವ ವಿನೋದವಾಗಿತ್ತೆಂಬುದನ್ನು ಮರೆಮಾಚಲಾರೆವು.

ಕೊಲ್ಲದೆ, ಕತ್ತರಿಸದೆ ಈ ಪದವಿ ಮುಗಿಯುವುದೆಂದರೆ ಅದು ಸುಳ್ಳು. ಪ್ರಯೋಗಾಲಯದಲ್ಲಿ ಮೀನಿನ ದೇಹವನ್ನು ಸೀಳಿ ನೋಡಬೇಕು. ಸಾಕಿದ ಮೀನು ಕೊನೆಗೆ ಸೇರುವುದು ಯಾರದೋ ಅಡಿಗೆಮನೆಯನ್ನೇ. ಹುಡುಗಿಗೆ ಇದನ್ನು ನೇರವಾಗಿ ಹೇಳಿದೆವು. ಅಜ್ಜಿಗೂ ಒಂದು ಮಾತು ಹೇಳದೆ ಬಿಡಲಿಲ್ಲ: ನಾವು ಪೂಜೆಗೆ ಉಡುವ ರೇಷ್ಮೆಯ ನೂಲು, ಒಳಗಿನ ಹುಳು ಸಾಯದೆ ಗೂಡಿನಿಂದ ಬಿಚ್ಚಿ ಬಂದದ್ದಲ್ಲ. ಹೆಂಡದ ಮಾರಯ್ಯನನ್ನೂ ಅಂಬಿಗರ ಚೌಡಯ್ಯನನ್ನೂ ಶರಣರೆಂದು ಅಪ್ಪಿದ ಪರಂಪರೆ ನಮ್ಮದು. ಹುಟ್ಟಿದ ಮನೆ, ಹಿಡಿದ ಕಸುಬು ಇವೆರಡನ್ನೇ ನೋಡಿ ಮನುಷ್ಯರನ್ನು ಅಳೆಯುವುದು ಆ ಪರಂಪರೆಗೆ ಒಗ್ಗದು. ಆದರೆ ಅಹಿಂಸೆಯ ವ್ರತವನ್ನು ಹಗುರ ಮಾಡಲು ಆ ಹೆಸರುಗಳನ್ನು ಬಳಸಬಾರದೆಂಬುದೂ ನಮ್ಮ ಅಭಿಪ್ರಾಯ. ಕಾಯಕದಲ್ಲಿ ಎಲ್ಲಿಯವರೆಗೆ ಕೈಯಿಡುವೆನೆಂಬುದನ್ನು ಆಕೆಯೇ ನಿರ್ಧರಿಸಬೇಕು. ಮೀನಿನ ರೋಗಶಾಸ್ತ್ರ, ಅಲಂಕಾರಿಕ ಮೀನುಗಳ ಸಾಕಣೆ, ನದಿಯ ಆರೋಗ್ಯ ಎಂಬ ಶಾಖೆಗಳಿವೆ. ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿಯೂ ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗಳಲ್ಲಿಯೂ ಈ ಪದವೀಧರರಿಗೆ ಅವಕಾಶವುಂಟು.

ಇಷ್ಟರಲ್ಲಿ ಹುಡುಗಿ ಬಾಯಿಬಿಟ್ಟಳು. “ಅಜ್ಜೀ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಂತ ಅಡಿಕೆಗೆ ಮೈಲುತುತ್ತದ ಔಷಧಿ ಹೊಡೀತೀವಲ್ಲ, ಅದೇ ಹೊತ್ತಿಗೆ ಮೀನು ಮೊಟ್ಟೆ ಇಡೋಕೆ ಹಳ್ಳ ಹತ್ತುತ್ತೆ. ಆ ತಾಮ್ರ ಹಳ್ಳಕ್ಕಿಳಿದರೆ ಮರಿಗಳ ಗತಿ ಏನು? ಶೃಂಗೇರಿಗೆ ಹೋದಾಗ ತುಂಗೆಯ ಮೀನಿಗೆ ನೀವೇ ಮಂಡಕ್ಕಿ ಹಾಕ್ತೀರಿ. ಅವಕ್ಕೆ ಕಾಯಿಲೆ ಬಂದರೆ ನೋಡೋರು ಯಾರು?”

ನಾವು ಶಾಸ್ತ್ರ ಹೇಳಹೋಗಿ ಪಾಠ ಕೇಳಿದಂತಾಯಿತು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಅಲ್ಲಿ ಹಾಸ್ಟೆಲಿನ ಊಟ ಹೇಗೋ?” ಎಂದರು. ಅದು ನಮಗೂ ತಿಳಿಯದು. ಮಂಗಳೂರಿಗೆ ಹೋಗಿ ಕಣ್ಣಾರೆ ನೋಡಿ ಬರುವಂತೆ ತಂದೆಗೆ ಸೂಚಿಸಿದೆವು. ಸಿ.ಇ.ಟಿ.ಯಲ್ಲಿ ಕೃಷಿಕರ ಕೋಟಾದಡಿ ಅರ್ಜಿ ಹಾಕಲು ಬೇಕಾದ ಪ್ರಮಾಣಪತ್ರಕ್ಕಾಗಿ ಅವರು ಮರುದಿನ ಬೆಳಿಗ್ಗೆಯೇ ಕೊಪ್ಪದ ತಾಲ್ಲೂಕು ಕಚೇರಿಗೆ ಹೊರಟರು. ನಾವೂ ಅದೇ ಬಸ್ಸಿನಲ್ಲಿ ಕೊಪ್ಪದವರೆಗೆ ಅವರ ಜೊತೆಯಾದೆವು.